ಬಡಗಿಯ ಹೆಂಡತಿಯ ಮುಖ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಸ್ಟುಡಿಯೋದ ಯಜಮಾನರು ಕರೆಸಿದರು. ಸ್ಟುಡಿಯೋದಲ್ಲಿ ಕಿವಿಯಿಂದ ಕಿವಿಗೆ ದಾಟುತ್ತಿದ್ದ ಸುದ್ದಿ ನಿಜವಂತೆ. ಆ ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದಾರೆ. ಓದುವವರೆಲ್ಲ ಓದಿರುವ, ಓದದವರೂ ಓದಿದ್ದೇವೆ ಎನ್ನುವ ಕಾದಂಬರಿ. ಇಷ್ಟು ವರ್ಷ ಯಾರಿಗೂ ಅದಕ್ಕೆ ಕೈಹಾಕುವ ಧೈರ್ಯ ಬಂದಿರಲಿಲ್ಲ.

ಕತೆ ಇಷ್ಟೆ. ಮುಂದೆಂದೋ ಬರುವ ಕಾಲದ ಒಂದು ಊರು. ಅಲ್ಲಿ ಯಾವ ಮನೆಗೂ ಬಾಗಿಲು ಇಡಕೂಡದೆಂದು ಕಾನೂನು. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಬಾಗಿಲು ಯಾಕೆ ಎಂಬುದು ಸರಕಾರದ ವಾದ. ಒಬ್ಬ ಬಡಗಿ ಕದ್ದುಮುಚ್ಚಿ ಬಾಗಿಲೊಂದನ್ನು ಮಾಡಿ ಮಂಚದ ಕೆಳಗೆ ಇಟ್ಟುಕೊಳ್ಳುತ್ತಾನೆ. ಅವನ ಹೆಂಡತಿಯೇ ಹೋಗಿ ಬೀದಿಯ ಮೇಲ್ವಿಚಾರಕನಿಗೆ ಹೇಳುತ್ತಾಳೆ. ಬೇರೆಯವರು ಕಂಡುಹಿಡಿದರೆ ಶಿಕ್ಷೆ ಹೆಚ್ಚು, ಹಾಗಾಗಿ ಅವನ ಒಳ್ಳೆಯದಕ್ಕೇ ಹೇಳಿದೆ ಎನ್ನುತ್ತಾಳೆ. ಕೊನೆಗೆ ಬಡಗಿ ತನ್ನ ಕೈಯಾರೆ ಬಾಗಿಲನ್ನು ಸೀಳಿ ಒಲೆಗಿಟ್ಟು, ಒಳ್ಳೆಯ ಕೆಲಸ ಮಾಡಿದೆ ಎಂದು ಅವಳಿಗೇ ಹೇಳುತ್ತಾನೆ. ಮುಗಿಯಿತು. ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಯಜಮಾನರಿಗೆ ಈ ಕೊನೆ ಬೇಡ. “ಜನ ಅಳೋದಕ್ಕೆ ಬರ್ತಾರೆ, ಸರಿ. ಆದ್ರೆ ಅತ್ತು ಮುಗಿಸಿ ನಗ್ತಾ ಮನೆಗೆ ಹೋಗ್ಬೇಕು. ಹೆಂಡತಿ ಗಂಡನ್ನ ಹಿಡಿದುಕೊಟ್ರೆ ಯಾವ ಹೆಂಗಸು ಟಾಕೀಸಿಗೆ ಬರ್ತಾಳೆ ಹೇಳಿ?” ಎಂದರು. ಡೈರೆಕ್ಟರಿಗೆ ಪುಸ್ತಕದ ಕೊನೆಯೇ ಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಎರಡು ಕೊನೆಗಳನ್ನೂ ತೆಗೆಯುವುದಂತೆ. ಯಜಮಾನರ ಕೊನೆಯಲ್ಲಿ ಹೇಳಿಕೊಡುವವನು ಪಕ್ಕದ ಮನೆಯವನು. ಜನ ದಂಗೆ ಎದ್ದು ಎಲ್ಲ ಮನೆಗಳಿಗೂ ಬಾಗಿಲು ಬರುತ್ತದೆ, ಗಂಡ ಹೆಂಡತಿ ಸೇರುತ್ತಾರೆ. ಎರಡನ್ನೂ ಜೋಡಿಸಿ ನೋಡಿ ಆಮೇಲೆ ತೀರ್ಮಾನ.

ಇಲ್ಲಿಯವರೆಗೆ ಸರಿ. ಎಡಿಟಿಂಗ್ ಎಂದರೆ ನಾನು. ಈ ಸ್ಟುಡಿಯೋಗೆ ಸುಣ್ಣ ಹೊಡೆಯುವ ಮೊದಲೇ ನನ್ನ ಕತ್ತರಿ ಬಂದಿದೆ. ಆದರೆ ಡೈರೆಕ್ಟರು ಗಂಟಲು ಸರಿಮಾಡಿಕೊಂಡು, “ಪುಸ್ತಕದ ಕೊನೆಯನ್ನ ನಿಮ್ಮ ತಂಗಿ ಜೋಡಿಸ್ಲಿ. ನೀವು ಯಜಮಾನರದ್ದು ಮಾಡಿ” ಎಂದರು. ನಾನು ನಕ್ಕು ತಲೆ ಆಡಿಸಿದೆ. ನಗದೆ ಇನ್ನೇನು ಮಾಡಲಿ.

ಮಾರ್ಚ್ ೫, ಬುಧವಾರ

ತಂಗಿ ಪುಟ್ಟಿಗೆ ಖುಷಿಯೋ ಖುಷಿ. ಮನೆಗೆ ಬರುತ್ತಲೇ ಅಮ್ಮನ ಕೊರಳಿಗೆ ಜೋತುಬಿದ್ದು ಹೇಳಿದಳು. ಅಮ್ಮ ನನ್ನ ಮುಖ ನೋಡಿ, “ನೀನು ಹೇಳಿಕೊಟ್ಟಿದ್ದಲ್ವೇ, ನಿನ್ನದೇ ಹೆಸರು” ಎಂದಳು. ಹೌದು, ನಾನೇ ಹೇಳಿಕೊಟ್ಟಿದ್ದು. ಅಪ್ಪ ಹೋದಾಗ ಅವಳಿನ್ನೂ ತೊದಲುತ್ತಿದ್ದಳು. ಜಡೆ ಹೆಣೆದದ್ದು, ಅಕ್ಷರ ತಿದ್ದಿಸಿದ್ದು, ಫಿಲ್ಮಿನ ಅಂಚು ಕೆರೆದು ಅಂಟು ಹಚ್ಚುವಾಗ ಉಸಿರು ಬಿಗಿಹಿಡಿಯಬೇಕೆಂದು ಕಲಿಸಿದ್ದು, ಎಲ್ಲ ನಾನೇ. ಈಗ ಗುರುವಿಗೇ ತಿರುಮಂತ್ರ.

ನಮ್ಮಿಬ್ಬರ ಎಡಿಟಿಂಗ್ ಕೋಣೆಗಳ ನಡುವೆ ಒಂದು ಬಾಗಿಲಿದೆ. ಅವಳು ಇವತ್ತು ಅದನ್ನು ಮುಚ್ಚಿಕೊಂಡು ಕೆಲಸಕ್ಕೆ ಕೂತಳು. ಅಂಟಿನ ವಾಸನೆಗೆ ತಲೆನೋವು ಬರುತ್ತದೆ, ಗಾಳಿ ಆಡಲಿ ಎಂದು ತೆರೆಸಿದೆ.

ನನ್ನ ಪಾಲಿಗೆ ಬಂದ ದೃಶ್ಯಗಳಲ್ಲೂ ಆ ಹೆಂಡತಿ ಅಲ್ಲಲ್ಲಿ ಬರುತ್ತಾಳೆ. ಆಕೆಯನ್ನು ಕಂಡರೇ ಮೈ ಉರಿಯುತ್ತದೆ. ಒಳ್ಳೆಯದಕ್ಕೇ ಹೇಳಿದಳಂತೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದಂತಾಯಿತು. ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಅವಳನ್ನು ಕತ್ತರಿಸುತ್ತಿದ್ದೇನೆ. ಮುಖ ಕಂಡಿತೋ ಇಲ್ಲವೋ ಅನ್ನುವಷ್ಟು ಸಾಕು.

ಮಾರ್ಚ್ ೧೧, ಮಂಗಳವಾರ

ಇವತ್ತಿನದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಿನ್ನೆ ಪುಸ್ತಕದ ಕೊನೆಯ ಚಿತ್ರೀಕರಣ. ಗಂಡನ ವಿಷಯ ಹೇಳಿಬಂದ ಹೆಂಡತಿ ಮನೆಯೊಳಗೆ ನಿಂತು, ಅವನು ಬಾಗಿಲು ಸೀಳುವುದನ್ನು ನೋಡುವ ಶಾಟು. ನಾಯಕಿ ಎಷ್ಟು ಸಲ ಮಾಡಿದರೂ ಕಣ್ಣರಳಿಸಿ ತುಟಿ ನಡುಗಿಸುತ್ತಿದ್ದಳಂತೆ. ಅಲ್ಲಿ ಸುಮ್ಮನೆ ನೋಡಲು ಹೋಗಿದ್ದ ನಮ್ಮ ಪುಟ್ಟಿ ಡೈರೆಕ್ಟರ ಕಿವಿಯಲ್ಲಿ ಏನೋ ಹೇಳಿದಳಂತೆ. ಅವರು ಊಟಕ್ಕೆ ಬಿಡುವು ಎಂದು ಕೂಗಿದರು. ದೀಪ ಮಾತ್ರ ಆರಿಸಲಿಲ್ಲ. ನಾಯಕಿ ಸುಸ್ತಾಗಿ ಅಲ್ಲೇ ನಿಂತಿದ್ದಾಗ, ಅವಳಿಗೆ ಹೇಳದೆ ಕ್ಯಾಮೆರಾ ಓಡಿಸಿದರು. ಒಂದೇ ಟೇಕು.

ಇವತ್ತು ಅದನ್ನು ಪರದೆಯ ಮೇಲೆ ನೋಡಿದೆವು. ಆ ಮುಖದಲ್ಲಿ ಅಳು ಇಲ್ಲ, ಪಶ್ಚಾತ್ತಾಪವೂ ಇಲ್ಲ. ಕೆಲಸ ಮುಗಿದ ಆಯಾಸ, ಅದರ ಹಿಂದೆ ಮೆಲ್ಲಗೆ ಏಳುತ್ತಿರುವ ಭಯ. ತಾನು ಮಾಡಿದ್ದು ತನಗೇ ಗೊತ್ತಾಗುವುದಕ್ಕೆ ಇನ್ನೊಂದು ಕ್ಷಣ ಇದೆ ಎನ್ನುವ ಹೊತ್ತಿನ ಮುಖ. ಯಜಮಾನರು ಬಾಯಿಗೆ ಕೊಂಡೊಯ್ದ ಚಹಾ ಹಾಗೇ ಹಿಡಿದಿದ್ದರು. ಡೈರೆಕ್ಟರು ಪುಟ್ಟಿಯ ಕಡೆ ತಿರುಗಿ ಕೈಮುಗಿದರು. ತಮಾಷೆಗೇ ಇರಬಹುದು.

ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು. ಹೊಟ್ಟೆ ಉರಿಯಿತು. ನನಗೆ ಹೊಳೆಯಲಿಲ್ಲವಲ್ಲ ಎಂದು ಉರಿಯಿತು, ಅವಳಿಗೆ ಹೊಳೆಯಿತಲ್ಲ ಎಂದು ಇನ್ನೂ ಉರಿಯಿತು. ಎದ್ದು ಹೋಗಿ ಅವಳ ಬೆನ್ನು ತಟ್ಟಿದೆ. “ಅಕ್ಕಾ, ನಿಂಗೆ ನಿಜ್ವಾಗ್ಲೂ ಇಷ್ಟ ಆಯ್ತಾ?” ಎಂದು ಕೇಳಿದಳು. ಚಿಕ್ಕಂದಿನಲ್ಲಿ ಸ್ಲೇಟು ತೋರಿಸುತ್ತಿದ್ದಳಲ್ಲ, ಹಾಗೆಯೇ. ಪರವಾಗಿಲ್ಲ ಎಂದೆ.

ಮಾರ್ಚ್ ೧೪, ಶುಕ್ರವಾರ

ತಲೆನೋವು. ದಂಗೆಯ ದೃಶ್ಯ ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಪಕ್ಕದ ಕೋಣೆಯಲ್ಲಿ ಡೈರೆಕ್ಟರ ನಗು. ಅಲ್ಲಿ ಅಷ್ಟು ನಗುವಂಥದ್ದು ಏನಿದೆ ಆ ಕತೆಯಲ್ಲಿ.

ಮಾರ್ಚ್ ೨೨, ಶನಿವಾರ

ಎರಡು ಕೊನೆಗಳನ್ನೂ ಒಂದರ ಹಿಂದೆ ಒಂದು ಹಾಕಿದರು. ಮೊದಲು ನನ್ನದು. ದಂಗೆ ಚೆನ್ನಾಗಿ ಬಂದಿತ್ತು. ಬಾಗಿಲುಗಳನ್ನು ಹೊತ್ತು ಜನ ಬರುವಲ್ಲಿ ಲೈಟಿನ ಹುಡುಗರು ಚಪ್ಪಾಳೆ ಹೊಡೆದರು. ಆಮೇಲೆ ಅವಳದು. ಮುಗಿದ ಮೇಲೆ ಯಾರೂ ಏಳಲಿಲ್ಲ. ಆಪರೇಟರು ಪ್ರೊಜೆಕ್ಟರಿನ ಕಿಂಡಿಯಿಂದ ತಲೆ ಹಾಕಿ, “ಇನ್ನೂ ಇದೆಯಾ?” ಎಂದು ಕೇಳಿದ. ಅವನ ದನಿ ಒಡೆದಿತ್ತು. ಈತ ನಮ್ಮ ಸ್ಟುಡಿಯೋದಲ್ಲೂ ದೊಡ್ಡ ಟಾಕೀಸಿನಲ್ಲೂ ಸಿನಿಮಾ ಬಿಡುವ ಮನುಷ್ಯ, ದಿನಕ್ಕೆ ನಾಲ್ಕಾಟ ನೋಡಿ ನೋಡಿ ಕಲ್ಲಾದವನು.

ಯಜಮಾನರು ಗಡ್ಡ ಕೆರೆದುಕೊಂಡು, “ಎರಡನೇದು ದೊಡ್ಡ ಕೆಲಸ. ಮೊದಲನೇದು ಓಡುತ್ತೆ. ಮೊದಲನೇದೇ ಇರ್ಲಿ” ಎಂದರು. “ಇನ್ನೊಂದನ್ನ ಸುಟ್ಟುಹಾಕಿ. ಇಟ್ಕೊಂಡ್ರೆ ಯಾವತ್ತಾದ್ರೂ ತಲೆನೋವು” ಎಂದೂ ಸೇರಿಸಿದರು. ಡೈರೆಕ್ಟರು ಆಗಲಿ ಎಂದರು.

ನಾನು ಗೆದ್ದೆ. ಗೆದ್ದವಳಿಗೆ ಯಾಕೆ ಹೀಗಾಗುತ್ತದೆ. ಹೊರಗೆ ಬರುವಾಗ ಡೈರೆಕ್ಟರು ನನ್ನ ಹತ್ತಿರ ನಿಂತು, “ನಿಮ್ಮ ಕೆಲಸ ಬಹಳ ಅಚ್ಚುಕಟ್ಟು” ಎಂದರು. ಮದುವೆಗೆ ಹೆಣ್ಣು ಒಪ್ಪದವರು ಮನೆ ಚೆನ್ನಾಗಿದೆ ಎಂದು ಹೊಗಳುತ್ತಾರಲ್ಲ, ಹಾಗಿತ್ತು. ಎಲ್ಲರೂ ಪುಟ್ಟಿಯನ್ನು ಸುತ್ತಿಕೊಂಡು ಸಮಾಧಾನ ಹೇಳುತ್ತಿದ್ದರು. ಸೋತವಳ ಸುತ್ತ ಅಷ್ಟು ಜನ, ನನ್ನ ಹತ್ತಿರ ಬಂದದ್ದು ಗುಡಿಸುವವನು. ಕುರ್ಚಿ ಎತ್ತಬೇಕಿತ್ತಂತೆ.

ಮಾರ್ಚ್ ೨೬, ಬುಧವಾರ

ಪುಟ್ಟಿ ಅಳುತ್ತಿಲ್ಲ. ಅದೇ ನನಗೆ ಬಗೆಹರಿಯದು. ಒಂದು ಕರ್ಚೀಫು ಕಳೆದರೆ ಮೂರು ದಿನ ಮೂಗು ಒರೆಸುವ ಹುಡುಗಿ, ಅಷ್ಟು ದೊಡ್ಡ ಕೆಲಸವನ್ನು ಸುಡುತ್ತಾರೆಂದರೂ ಹಾಡು ಗುನುಗುತ್ತಿದ್ದಾಳೆ. “ಬೇಜಾರಿಲ್ವೇನೇ?” ಎಂದು ಕೇಳಿದೆ. “ಏನು ಮಾಡೋದಕ್ಕಾ, ನಮ್ಮ ಕೈಯಲ್ಲೇನಿದೆ” ಎಂದು ಅತ್ತ ತಿರುಗಿದಳು. ಸುಳ್ಳು ಹೇಳುವಾಗ ಅವಳು ಕಿವಿಯ ಹಿಂದೆ ಕೂದಲು ಸರಿಸುತ್ತಾಳೆ. ಅದನ್ನು ಗುರುತಿಸಲು ನನಗೆ ಕನ್ನಡಿ ಬೇಕಿಲ್ಲ.

ಸೆಟ್ಟಿನ ಮೇಸ್ತ್ರಿಯನ್ನು ಕರೆದು ನಡುವಿನ ಬಾಗಿಲಿನ ಚಿಲಕ ತೆಗೆಸಿದೆ. ತುಕ್ಕು ಹಿಡಿದಿತ್ತು. ಹೇಗೂ ಬಂದಿದ್ದೀರಲ್ಲ, ಬಾಗಿಲನ್ನೇ ತೆಗೆದುಬಿಡಿ, ಕೆಲಸಕ್ಕೆ ಅಡ್ಡ ಎಂದೆ. ಅವನು ಕೀಲು ಬಿಚ್ಚಿ ಗೋಡೆಗೆ ಒರಗಿಸಿ ಹೋದ. ಈಗ ಕೋಣೆಗಳಿಗೆ ಬೆಳಕೂ ಚೆನ್ನಾಗಿ ಬರುತ್ತದೆ. ನನ್ನ ಮೇಜನ್ನು ಸ್ವಲ್ಪ ಓರೆಗೆ ತಿರುಗಿಸಿಕೊಂಡೆ. ಅವಳ ಕೈ ಕಾಣುತ್ತದೆ, ಯಾವ ಡಬ್ಬ ಎತ್ತುತ್ತಾಳೆ, ಎಲ್ಲಿಡುತ್ತಾಳೆ ಎಲ್ಲ ಕಾಣುತ್ತದೆ.

ಆಪರೇಟರು ಎರಡು ಸಲ ಬಂದು ಅವಳ ಹತ್ತಿರ ಪಿಸುಗುಟ್ಟಿ ಹೋದ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ.

ಮಾರ್ಚ್ ೩೧, ಸೋಮವಾರ

ಕಂಡುಹಿಡಿದೆ.

ಪುಟ್ಟಿ ಊಟಕ್ಕೆ ಹೋದಾಗ ಅವಳ ಕೋಣೆಗೆ ಹೋದೆ. ಕಪಾಟಿನ ತಳದಲ್ಲಿ ಒಂದು ಡಬ್ಬ, ಮೇಲೆ ‘ಹಾಳಾದ ಫಿಲ್ಮು’ ಎಂದು ಚೀಟಿ. ಎತ್ತಿದೆ. ಹಾಳಾದ ಫಿಲ್ಮು ಎಂದರೆ ಚೂರುಪಾರು, ಡಬ್ಬ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಇದು ಬಿಗಿಯಾಗಿ ಸುತ್ತಿದ ರೀಲಿನ ಭಾರ, ಅದೂ ಒಂದಲ್ಲ. ಸುತ್ತಿದ್ದ ತಂತಿ ಬಿಚ್ಚಿ ತೆರೆದೆ. ಪುಸ್ತಕದ ಕೊನೆ, ಇಡಿಯಾಗಿ. ಕೆಳಗೆ ಅದರ ನೆಗೆಟಿವ್. ಸುಟ್ಟೆವು ಎಂದು ಡೈರೆಕ್ಟರು ಯಜಮಾನರಿಗೆ ಹೇಳಿದ್ದಾರೆ.

ನೆನಪಿಗೆಂದು ಇಟ್ಟುಕೊಂಡಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ರೀಲಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದೆ. ರೀಲು ಬದಲಿಸುವ ಹೊತ್ತು ಆಪರೇಟರಿಗೆ ತಿಳಿಯಲೆಂದು ಮೂಲೆಯಲ್ಲಿ ಚುಕ್ಕೆ ಕೆರೆಯುತ್ತೇವೆ. ಅದು ಟಾಕೀಸಿಗೆ ಹೋಗುವ ರೀಲಿಗೆ ಮಾತ್ರ. ಇದರ ಕೊನೆಯಲ್ಲೂ ಚುಕ್ಕೆ ಇದೆ, ಮೊದಲಲ್ಲಿ ಹಿಂದಿನ ರೀಲಿಗೆ ಹೊಂದುವ ಗುರುತೂ ಇದೆ. ಸುಡುವ ಫಿಲ್ಮಿಗೆ ಯಾರು ಚುಕ್ಕೆ ಇಡುತ್ತಾರೆ. ಮೊದಲ ದಿನ, ಮೊದಲ ಆಟದಲ್ಲಿ ಕೊನೆಯ ರೀಲನ್ನು ಬದಲಿಸುವ ಹುನ್ನಾರ. ನನ್ನ ರೀಲು ಡಬ್ಬದಲ್ಲಿ ಉಳಿಯುತ್ತದೆ, ಅವಳದು ಪರದೆಗೆ ಹೋಗುತ್ತದೆ.

ಯಂತ್ರಕ್ಕೆ ಹಾಕಿ ನೋಡಿದೆ. ಎಲ್ಲಿ ಕತ್ತರಿಸಿದ್ದಾಳೆ ಎಂದು ಮುಂದೆಯೇ ಊಹಿಸುತ್ತಾ ಹೋದೆ. ಪ್ರತಿ ಸಲ ನಾನು ಊಹಿಸಿದ್ದಕ್ಕಿಂತ ಕೂದಲೆಳೆಯಷ್ಟು ತಡವಾಗಿ ಕತ್ತರಿಸಿದ್ದಾಳೆ, ಪ್ರತಿ ಸಲವೂ ಅವಳದೇ ಸರಿ. ನಾನು ಕಲಿಸಿದ್ದಲ್ಲ ಅದು. ಎಲ್ಲಿಂದ ಬಂತು ಅವಳಿಗೆ.

ಕೊನೆಗೆ ಆ ಮುಖ. ಅದನ್ನು ಮಾತ್ರ ಬಿಡಿಸಿಕೊಂಡೆ, ಆ ಟೇಕಿನ ಇಡೀ ನೆಗೆಟಿವ್ ಸಮೇತ. ಎರಡು ಕಡೆ ಅಂಟಿಸಿ ಮೊದಲಿನಂತೆಯೇ ಸುತ್ತಿ ತಂತಿ ಬಿಗಿದಿಟ್ಟೆ. ಯಾಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಹಾಳಾಗದಿರಲಿ ಎಂದಿರಬೇಕು. ಕೈಗವಸಿನಲ್ಲಿ ಸುತ್ತಿ ಮನೆಗೆ ತಂದಿದ್ದೇನೆ, ನನ್ನ ಪೆಟ್ಟಿಗೆಯಲ್ಲಿದೆ.

ಸಂಜೆ ಪುಟ್ಟಿಯನ್ನು ಎರಡು ಸಲ ಮಾತಿಗೆಳೆದೆ. “ಏನಾದ್ರೂ ಹೇಳ್ಬೇಕಾ ನಂಗೆ?” ಎಂದೆ. “ಏನೂ ಇಲ್ವಲ್ಲಕ್ಕಾ” ಎಂದಳು. ಕೂದಲು ಸರಿಸಿದಳು. ಸಾಕಿದವಳ ಹತ್ತಿರವೂ ಸುಳ್ಳು. ಅವಳೇ ಬಾಯಿಬಿಟ್ಟು ಹೇಳಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಏಪ್ರಿಲ್ ೨, ಬುಧವಾರ

ಡೈರೆಕ್ಟರು ತಮ್ಮ ಮುಂದಿನ ಚಿತ್ರಕ್ಕೆ ಪುಟ್ಟಿಯನ್ನೇ ಮುಖ್ಯ ಎಡಿಟರಾಗಿ ಕರೆದಿದ್ದಾರಂತೆ. ಅಮ್ಮನ ಬಾಯಿಂದ ಗೊತ್ತಾಯಿತು. “ನಿಂಗೆ ಹೇಳೋದಕ್ಕೆ ಅವಳಿಗೆ ಸಂಕೋಚ ಕಣೆ. ಅಕ್ಕ ನೊಂದ್ಕೋತಾಳೆ ಅಂತಾಳೆ” ಎಂದಳು ಅಮ್ಮ. ನನ್ನ ಮೇಲೆ ಮರುಕ. ಅದೊಂದು ಬಾಕಿ ಇತ್ತು.

ಅವಳ ಬಗ್ಗೆ ಯೋಚಿಸಿ ಯೋಚಿಸಿ ಸಾಕಾಗಿದೆ. ತುಂಬಿದ ಟಾಕೀಸಿನಲ್ಲಿ ರೀಲು ಬದಲಾದದ್ದು ಗೊತ್ತಾದರೆ ಯಜಮಾನರು ಪೊಲೀಸರನ್ನೇ ಕರೆಸಿಯಾರು. ಮೋಸ ಎಂದಾಗುತ್ತದೆ. ಈಗಲೇ ತಡೆದರೆ ಬೈಗುಳದಲ್ಲಿ ಮುಗಿಯುತ್ತದೆ. ಡೈರೆಕ್ಟರಿಗೇನು, ಇನ್ನೊಂದು ಊರಿಗೆ ಹೋಗುತ್ತಾರೆ. ಹೆಣ್ಣುಮಗಳು ಎಲ್ಲಿಗೆ ಹೋಗಬೇಕು. ದೊಡ್ಡವರಾದವರು ಕೆಲವು ಸಲ ಕೆಟ್ಟವರಾಗಬೇಕಾಗುತ್ತದೆ.

ಏಪ್ರಿಲ್ ೩, ಗುರುವಾರ

ಯಜಮಾನರಿಗೆ ಒಂದು ಮಾತು ಹೇಳಿದೆ. ನನ್ನ ಹೆಸರು ಎಲ್ಲೂ ಬರಬಾರದೆಂದು ಕೇಳಿಕೊಂಡೆ, ಒಪ್ಪಿದರು. ಪುಟ್ಟಿ ಚಿಕ್ಕವಳು, ಡೈರೆಕ್ಟರ ಮಾತು ಕೇಳಿ ಕೆಟ್ಟಳು, ಒಂದು ಸಲ ಹೊಟ್ಟೆಗೆ ಹಾಕಿಕೊಳ್ಳಿ ಎಂದೂ ಹೇಳಿದೆ. ನೋಡೋಣ ಎಂದರು. ಆಪರೇಟರ ಹೆಸರನ್ನು ನಾನು ಎತ್ತಲಿಲ್ಲ.

ಮನಸ್ಸು ಹಗುರಾಗಿದೆ. ಸಂಜೆ ಮನೆಗೆ ಹಣ್ಣು ತಂದೆ. ಪುಟ್ಟಿಗೆ ಇಷ್ಟವಾದದ್ದೇ.

ಏಪ್ರಿಲ್ ೪, ಶುಕ್ರವಾರ

ಹಿತ್ತಲಿನ ಅಂಗಳದಲ್ಲಿ ಗುಂಡಿ ತೋಡಿ ಮರಳು ಹಾಕಿಸಿದ್ದರು. ಎಲ್ಲರನ್ನೂ ಕರೆಸಿದರು. ಯಜಮಾನರ ಕೈಯಲ್ಲಿ ಆ ಡಬ್ಬ. ಡೈರೆಕ್ಟರು, “ಒಂದ್ಸಲ ತೆಗೆದು ನೋಡಿ, ಆಮೇಲೆ ಸುಡಿ” ಎಂದು ಕೇಳಿಕೊಂಡರು. ಯಜಮಾನರು ಕೆಟ್ಟವರಲ್ಲ. “ತೆಗೆದ್ರೆ ನೋಡ್ಬೇಕು ಅನ್ಸುತ್ತೆ, ನೋಡಿದ್ರೆ ಸುಡೋದಕ್ಕೆ ಮನಸ್ಸು ಬರೋದಿಲ್ಲ” ಎಂದು ತಂತಿಯನ್ನೂ ಬಿಚ್ಚದೆ ಡಬ್ಬವನ್ನು ಸೌದೆಯ ಮೇಲಿಟ್ಟರು. ಈ ಫಿಲ್ಮಿಗೆ ಬೆಂಕಿ ತಾಗಿದರೆ ನೀರಿಗೂ ಬಗ್ಗುವುದಿಲ್ಲ. ಮುಚ್ಚಳ ಹಾರಿ, ಬಿಳಿ ಜ್ವಾಲೆ ಆಳೆತ್ತರಕ್ಕೆ ಎದ್ದಿತು.

ಪುಟ್ಟಿ ನನ್ನ ಪಕ್ಕ ನಿಂತಿದ್ದಳು. ಅವಳ ಕೈ ತಣ್ಣಗಿತ್ತು. “ಅವಳ ಮುಖ ಹೋಯ್ತಕ್ಕಾ. ಇನ್ನೊಂದು ಟೇಕೂ ಇಲ್ಲ” ಎಂದಳು. ನಾನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಡೈರೆಕ್ಟರನ್ನೂ ಪುಟ್ಟಿಯನ್ನೂ ಕೆಲಸದಿಂದ ತೆಗೆದರು. ಅಷ್ಟು ಮಾಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಸ್ವಲ್ಪ ಅಂದುಕೊಂಡಿದ್ದೆ.

ಮನೆಗೆ ಬಂದು ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಎಷ್ಟು ವರ್ಷವಾಗಿತ್ತು ಹೀಗೆ ಮಲಗಿ. ತಲೆ ನೇವರಿಸಿದೆ. “ನೀನೊಬ್ಳು ಇದ್ದೀಯಲ್ಲ, ಸಾಕು” ಎಂದಳು. ನನ್ನ ಪುಟ್ಟಿ ನನಗೆ ಮರಳಿ ಸಿಕ್ಕಳು ಎನಿಸಿತು. ಇಂಥ ನೆಮ್ಮದಿಯ ಸಂಜೆ ಈಚೆಗೆ ಕಂಡಿರಲಿಲ್ಲ.

ಏಪ್ರಿಲ್ ೯, ಬುಧವಾರ

ಇಡೀ ಚಿತ್ರ ಈಗ ನನ್ನ ಕೈಯಲ್ಲಿ. ಡೈರೆಕ್ಟರಿಲ್ಲದ್ದರಿಂದ ಯಾರೂ ಮೂಗು ತೂರಿಸುವುದಿಲ್ಲ.

ಮೊದಲಿನಿಂದ ನೋಡಿಕೊಂಡು ಬರುತ್ತಿದ್ದೇನೆ. ಆ ಹೆಂಡತಿಯನ್ನು ಅಷ್ಟೊಂದು ಕತ್ತರಿಸಿದ್ದು ತಪ್ಪು ಎನಿಸುತ್ತಿದೆ. ಅವಳ ಕಷ್ಟವನ್ನು ಯಾರೂ ಯೋಚಿಸಿಲ್ಲ, ಕಾದಂಬರಿ ಬರೆದವನೂ ಸೇರಿ. ಗಂಡ ಹಗಲೂ ಇರುಳೂ ಬಾಗಿಲಿನ ಧ್ಯಾನದಲ್ಲಿದ್ದರೆ, ಪಕ್ಕದಲ್ಲೇ ಇರುವವಳಿಗೆ ಹೇಗಾಗಬೇಡ. ಬುಟ್ಟಿಯಿಂದ ಅವಳ ತುಂಡುಗಳನ್ನು ಆಯ್ದು ಮತ್ತೆ ಸೇರಿಸುತ್ತಿದ್ದೇನೆ. ನೀರು ತರುವುದು, ದೀಪ ಹಚ್ಚುವುದು, ಗಂಡನ ಬೆನ್ನು ನೋಡುತ್ತಾ ಕೂರುವುದು.

ಗಂಡನನ್ನು ಎಳೆದೊಯ್ದ ಮೇಲೆ ಅವಳು ಒಬ್ಬಳೇ ನಿಲ್ಲುವಲ್ಲಿ ಮಾತ್ರ ತೊಡಕು. ಇರುವ ಶಾಟಿನಲ್ಲಿ ನಾಯಕಿ ತುಟಿ ನಡುಗಿಸುತ್ತಾಳೆ. ಸುಳ್ಳು ಎದ್ದು ಕಾಣುತ್ತದೆ.

ಏಪ್ರಿಲ್ ೧೦, ಗುರುವಾರ

ಪೆಟ್ಟಿಗೆಯಿಂದ ಆ ಮುಖವನ್ನು ತೆಗೆದು ಸೇರಿಸಿದೆ. ಹೊಲಿಗೆಯೇ ಕಾಣದ ಹಾಗೆ ಕೂತಿತು. ಪುಟ್ಟಿ ಅದನ್ನು ಮೂರು ಉಸಿರಿನಷ್ಟು ಹೊತ್ತು ಬಿಟ್ಟಿದ್ದಳು. ನೆಗೆಟಿವ್‌ನ ಎರಡೂ ತುದಿಗಳಲ್ಲಿ ಅವಳು ಬಳಸದ ಭಾಗವೂ ಇತ್ತಲ್ಲ, ಹೊಸ ಪ್ರತಿ ತೆಗೆಸಿ ನಾನು ಅಷ್ಟನ್ನೂ ಪರದೆಗೆ ಬಿಟ್ಟೆ. ಜನ ಅವಳನ್ನು ನೋಡಲಿ. ಎಷ್ಟು ಒಂಟಿ ಎಂದು ನೋಡಲಿ.

ಯಜಮಾನರು ನೋಡಿ ಹುಬ್ಬೇರಿಸಿದರು. “ಇದು ಆ ಸುಟ್ಟಿದ್ದರಲ್ಲಿ ಇತ್ತಲ್ವಾ?” ಎಂದರು. ಅಂಥದ್ದೇ ಇನ್ನೊಂದು ಮಿಕ್ಕ ತುಂಡುಗಳಲ್ಲಿ ಸಿಕ್ಕಿತು ಎಂದೆ. “ಇರ್ಲಿ ಬಿಡಿ, ದುಃಖ ಚೆನ್ನಾಗಿದೆ” ಎಂದು ಎದ್ದರು. ಅವರಿಗೆ ಟೇಕಿನ ಲೆಕ್ಕ ಯಾಕೆ ಬೇಕು.

ಏಪ್ರಿಲ್ ೧೮, ಶುಕ್ರವಾರ

ಬೇರೆ ಎರಡು ಸ್ಟುಡಿಯೋಗಳಲ್ಲೂ ಪುಟ್ಟಿಗೆ ಇಲ್ಲ ಎಂದರಂತೆ. ಸುದ್ದಿ ಅವಳಿಗಿಂತ ಮುಂಚೆ ಹೋಗಿ ಕೂತಿದೆ. ಈಗ ಅಮ್ಮನ ಜೊತೆ ಕೂತು ದರ್ಜಿಯ ಅಂಗಡಿಯ ಗುಂಡಿ ಹೊಲಿಯುತ್ತಾಳೆ. ಕೈ ಚುರುಕು, ಹಾಗಾಗಿ ಅಲ್ಲಿಯೂ ಹೊಗಳಿಕೆ.

“ಯಾರು ಹೇಳಿರ್ಬಹುದಕ್ಕಾ?” ಎಂದು ಇವತ್ತು ಕೇಳಿದಳು. “ಡೈರೆಕ್ಟರು, ನಾನು, ಆಪರೇಟರು. ಮೂರೇ ಜನಕ್ಕೆ ಗೊತ್ತಿದ್ದಿದ್ದು.” ನಾನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. “ಆಪರೇಟರ ಬಾಯಿ ಅಷ್ಟು ಭದ್ರ ಅಲ್ಲ ಅಂತಾರಪ್ಪ” ಎಂದೆ. ಅಷ್ಟೇ ಅಂದದ್ದು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಏಪ್ರಿಲ್ ೨೧, ಸೋಮವಾರ

ಪುಟ್ಟಿ ಬೀದಿಯಲ್ಲಿ ಆಪರೇಟರನ್ನು ಕಂಡು ಮುಖ ತಿರುಗಿಸಿದಳಂತೆ. ಅವನು ಹಿಂದೆ ಹಿಂದೆ ಬಂದು ಏನಾಯಿತು ಮಗಳೇ ಎಂದನಂತೆ. ಎಲ್ಲರ ಮುಂದೆ ಏನೇನೋ ಅಂದುಬಿಟ್ಟೆ ಎಂದಳು. ಹೋಗಲಿ ಬಿಡು ಎಂದೆ.

ಮೇ ೨, ಶುಕ್ರವಾರ

ಮೊದಲ ಆಟ. ಟಾಕೀಸಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ನನ್ನ ಹೆಸರು ಬಂತು, ಒಂದೇ ಹೆಸರು. ಓದುವಷ್ಟು ಹೊತ್ತು ನಿಂತಿತು.

ಆ ಮುಖ ಬಂದಾಗ ಇಡೀ ಟಾಕೀಸು ಉಸಿರು ಬಿಗಿಹಿಡಿಯಿತು. ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬಳು, “ಪಾಪ, ಗಂಡನ ಮೇಲೆ ಎಷ್ಟು ಪ್ರಾಣ ನೋಡು” ಎಂದು ಬಿಕ್ಕಿದಳು. ದಂಗೆಗೆ ಸಿಳ್ಳೆ ಬಿತ್ತು. ಆದರೆ ಹೊರಗೆ ಬರುವಾಗ ಎಲ್ಲರೂ ಆಡುತ್ತಿದ್ದುದು ಆ ಶಾಟಿನ ಮಾತು. ನಾನು ಮಾಡಿದ ದಂಗೆಯನ್ನು ಯಾರೂ ಎತ್ತಲಿಲ್ಲ. ಬೆಂಕಿಯಿಂದ ಉಳಿಸಿ ತಂದವಳು ನಾನು, ಜಾಗ ಹುಡುಕಿ ಕೂರಿಸಿದವಳು ನಾನು, ಆದರೂ ಚಪ್ಪಾಳೆಯೆಲ್ಲ ನನ್ನನ್ನು ದಾಟಿಕೊಂಡು ಮನೆಯಲ್ಲಿ ಗುಂಡಿ ಹೊಲಿಯುತ್ತಿರುವವಳ ಕಡೆಗೆ ಹೋಗುತ್ತಿದೆ ಎನಿಸಿ ಬಾಯಿ ಕಹಿಯಾಯಿತು. ಹೆಸರು ನನ್ನದೇ ಇದ್ದರೂ.

ಯಜಮಾನರು ಮುಂದಿನ ಚಿತ್ರವೂ ನಿಮಗೇ ಎಂದರು.

ಮೇ ೪, ಭಾನುವಾರ

ಪುಟ್ಟಿ ಸಿನಿಮಾ ನೋಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಅಕ್ಕನ ಕೆಲಸ ನೋಡದಿದ್ದರೆ ಹೇಗೆ ಎಂದು ಅಮ್ಮನೇ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದಳು. ನಾನು ಅಡುಗೆ ಮಾಡಿಟ್ಟು ಕಾದೆ. ಪರೀಕ್ಷೆ ಬರೆದ ಮಕ್ಕಳಂತೆ ಒಳಗೂ ಹೊರಗೂ ಓಡಾಡಿದೆ. ಯಾರು ಹೊಗಳಿದರೇನು, ಅವಳು ಏನೆನ್ನುತ್ತಾಳೆ ಎಂಬುದೇ ನನಗೆ ಬೇಕಿತ್ತು. ಈ ಮಾತನ್ನು ಬೇರೆ ಯಾರಿಗೂ ಹೇಳಲಾರೆ.

ಬಂದರು. ಅಮ್ಮ ನನ್ನ ಕಡೆ ನೋಡದೆ ಒಳಗೆ ಹೋದಳು. ಪುಟ್ಟಿ ಚಪ್ಪಲಿ ಬಿಟ್ಟು ನನ್ನೆದುರು ಕೂತಳು.

“ಹೇಗಿತ್ತೇ?”

“ಹೆಂಡತಿಯ ಶಾಟು ಸರಿಯಾದ ಜಾಗದಲ್ಲಿ ಕೂತಿದೆಯಕ್ಕಾ.”

“ನಿಜ್ವಾಗ್ಲೂ?”

“ನಿಜವಾಗ್ಲೂ. ನಾನು ಅಷ್ಟು ಹೊತ್ತು ಬಿಟ್ಟಿರ್ಲಿಲ್ಲ. ನಂಗೆ ಅವಳು ಅಷ್ಟು ಗೊತ್ತಿರ್ಲಿಲ್ಲ. ನೀನು ಬಿಟ್ಟಿದ್ದೇ ಸರಿ.”

ಇಷ್ಟು ವರ್ಷದಲ್ಲಿ ಅವಳು ನನ್ನ ಕೆಲಸವನ್ನು, ತನ್ನದಕ್ಕಿಂತ ಮೇಲೆಂದು, ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕೂದಲನ್ನೂ ಸರಿಸಲಿಲ್ಲ. ಊಟಕ್ಕೆ ಏಳು ಎಂದೆ.

“ಇಲ್ಲ, ಆಪರೇಟರ ಮನೆಗೆ ಹೋಗಿ ಬರ್ತೀನಿ. ಕ್ಷಮೆ ಕೇಳ್ಬೇಕು.”

“ಈಗ್ಲೇ ಯಾಕೆ?”

“ಅವರ ಮೇಲೆ ಸುಮ್ಸುಮ್ನೆ ಅನುಮಾನ ಪಟ್ಟೆನಲ್ಲ” ಎಂದಳು. ಬಾಗಿಲ ಹತ್ತಿರ ನಿಂತು, “ಡಬ್ಬ ಸುಡೋವಾಗ ತಂತಿ ಕೂಡ ಬಿಚ್ಚಿರ್ಲಿಲ್ಲ ಅಲ್ವಾ ಅಕ್ಕಾ” ಎಂದಳು. ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ಮೇ ೬, ಮಂಗಳವಾರ

ಆಪರೇಟರ ಹೆಂಡತಿಯ ಮನೆಯವರು ಯಾವುದೋ ಊರಿನಲ್ಲಿ ಟಾಕೀಸು ಇಟ್ಟಿದ್ದಾರಂತೆ. ಪುಟ್ಟಿ ಅಲ್ಲಿಗೆ ಹೋಗುತ್ತಾಳಂತೆ. ಭಾನುವಾರ ಹೋದವಳು ನಿನ್ನೆ ನಾನು ಸ್ಟುಡಿಯೋದಲ್ಲಿದ್ದಾಗ ಬಂದು ಬಟ್ಟೆ ಕಟ್ಟಿಕೊಂಡು ಹೋಗಿದ್ದಾಳೆ. ಅಮ್ಮ ಹೇಳಿದ್ದು ಇಷ್ಟು. ನಾನು ಬಡಿಸಿಕೊಂಡು ಕೂತೆ. ಅಮ್ಮ ಎದುರಿನ ಗೋಡೆಗೆ ಒರಗಿ ನಿಂತಿದ್ದಳು, ಊಟಕ್ಕೆ ಕೂರಲಿಲ್ಲ.

“ನನ್ನ ಬಗ್ಗೆ ಏನಂದಳು?” ಎಂದೆ.

“ಏನೂ ಅನ್ನಲಿಲ್ಲ.”

“ಅತ್ತಳಾ?”

“ಇಲ್ಲ.”

ಅತ್ತಿದ್ದರೆ ನಾನು ಹೇಗಾದರೂ ಸಮಾಧಾನ ಮಾಡುತ್ತಿದ್ದೆ.